ಹದಿಹರೆಯದವರಿಗೆ ಹಿರಿಯ ಒಡನಾಡಿ: ಮಾತು ಕೊಡುವ ಮುನ್ನ

ಕುಮಟಾ-ಶಿರಸಿ ಹೆದ್ದಾರಿಯಲ್ಲಿರುವ ಕತಗಾಲದಂಥ ಊರಿನಲ್ಲಿ ಶಾಲೆ ಬಿಟ್ಟ ಹದಿನಾರರ ಹುಡುಗನ ಬಗ್ಗೆ ಎಲ್ಲರಿಗೂ ಗೊತ್ತಿರುತ್ತದೆ. ಆದರೆ ಅವನೊಡನೆ ಕುಳಿತು ಮಾತನಾಡುವವರು ವಿರಳ. ಓದು ನಿಂತ, ಕುಡಿತದ ಮನೆಯಲ್ಲಿ ಬೆಳೆದ, ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದ ಮಕ್ಕಳಿಗೆ ಹೊರಗಿನ ಹಿರಿಯರೊಬ್ಬರು ಸ್ವಯಂಪ್ರೇರಣೆಯಿಂದ, ನಿಯಮಿತವಾಗಿ ಜೊತೆಯಾಗುವ ಪದ್ಧತಿಗೆ ಮಾರ್ಗದರ್ಶಕ ಸೇವೆ ಎಂದು ಹೆಸರು. ಇದು ಪಾಠ ಹೇಳುವ ಕೆಲಸವಲ್ಲ. ಹಣ ಕೊಡುವುದಂತೂ ಅಲ್ಲವೇ ಅಲ್ಲ.

ಈ ಪದ್ಧತಿಯ ಒಂದು ಮೂಲ ನ್ಯೂಯಾರ್ಕ್‌ನ ಮಕ್ಕಳ ನ್ಯಾಯಾಲಯದಲ್ಲಿದೆ. ಅಲ್ಲಿನ ಗುಮಾಸ್ತ ಅರ್ನೆಸ್ಟ್ ಕೌಲ್ಟರ್, ಕಟಕಟೆಗೆ ಬರುವ ಹುಡುಗರಿಗೆ ತಲಾ ಒಬ್ಬ ಹಿರಿಯ ಗೆಳೆಯನಾಗುವಂತೆ 1904ರಲ್ಲಿ ನಗರದ ಗಣ್ಯರನ್ನು ಕೋರಿದರು. ಅದರಿಂದ ಬೆಳೆದ ‘ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್’ ಸಂಸ್ಥೆಯ 959 ಮಕ್ಕಳ ಅಧ್ಯಯನ 1995ರಲ್ಲಿ ಪ್ರಕಟವಾಯಿತು. ಜೊತೆಗಾರರನ್ನು ಪಡೆದ ಮಕ್ಕಳು ಮಾದಕ ವಸ್ತುಗಳ ಸೇವನೆ ಆರಂಭಿಸುವ ಸಾಧ್ಯತೆ ಉಳಿದವರಿಗಿಂತ ಶೇ. 46ರಷ್ಟು ಕಡಿಮೆ ಎಂದು ಅದು ಹೇಳಿತು. ಈ ಅಂಕಿಯನ್ನು ಪ್ರಚಾರಕರು ಪದೇ ಪದೇ ಉಲ್ಲೇಖಿಸುತ್ತಾರೆ.

ಅವರು ಅಷ್ಟಾಗಿ ಹೇಳದ ಸಂಗತಿ ಬೇರೊಂದಿದೆ. ಅದೇ ಮಾಹಿತಿಯನ್ನು ಮರಳಿ ಪರಿಶೀಲಿಸಿದ ಗ್ರಾಸ್‌ಮನ್ ಮತ್ತು ರೋಡ್ಸ್ ಎಂಬ ಸಂಶೋಧಕಿಯರು, ವರ್ಷ ದಾಟಿದ ಒಡನಾಟದಿಂದಲೇ ಹೆಚ್ಚಿನ ಲಾಭವೆಂದು 2002ರಲ್ಲಿ ಬರೆದರು. ಮೂರು ತಿಂಗಳೊಳಗೆ ಮುರಿದುಬಿದ್ದಲ್ಲಿ ಮಕ್ಕಳ ಆತ್ಮಗೌರವ ಮೊದಲಿಗಿಂತಲೂ ಕುಸಿದಿತ್ತು. ತಂದೆ ಬಿಟ್ಟುಹೋದ ಮಗುವನ್ನು ಇನ್ನೊಬ್ಬ ದೊಡ್ಡವನೂ ಬಿಟ್ಟುಹೋದರೆ ಆಗುವ ಗಾಯವಿದು. ಎರಡು ವಾರ ಬಂದು ಛಾಯಾಚಿತ್ರ ತೆಗೆಸಿಕೊಂಡು ಮರೆಯಾಗುವ ಉತ್ಸಾಹಿಗಳಿಗಿಂತ, ಬಾರದೇ ಇರುವವರೇ ಮೇಲು.

ಕರ್ನಾಟಕದಲ್ಲಿ ಈ ಕೆಲಸ ಬೆಂಗಳೂರಿನಲ್ಲಿ ಹೆಚ್ಚು ವ್ಯವಸ್ಥಿತವಾಗಿ ಬೇರೂರಿತು. 1999ರಲ್ಲಿ ‘ಡ್ರೀಮ್ ಎ ಡ್ರೀಮ್’, 2009ರಲ್ಲಿ ‘ಮೆಂಟರ್ ಟುಗೆದರ್’ ಅಲ್ಲಿಯೇ ಆರಂಭವಾದವು. ನಗರದಲ್ಲಿ ಸ್ವಯಂಸೇವಕನೂ ಹುಡುಗನೂ ಸಾಮಾನ್ಯವಾಗಿ ಅಪರಿಚಿತರು. ಹಳ್ಳಿಯಲ್ಲಿ ಹಾಗಲ್ಲ, ಹುಡುಗನ ಜಾತಿ, ಅಪ್ಪನ ಸಾಲ, ಅಕ್ಕನ ಮದುವೆಯ ವಿಷಯವೆಲ್ಲ ಬಂದವನಿಗೆ ಮೊದಲೇ ತಿಳಿದಿರುತ್ತದೆ. ನಂಬಿಕೆ ಬೇಗ ಕುದುರುತ್ತದೆಂಬುದು ಇದರ ಅನುಕೂಲ. ಹೇಳಿದ ಮಾತು ಸಂಜೆಯೊಳಗೆ ಚಹಾ ಅಂಗಡಿ ತಲುಪುತ್ತದೆಂಬ ಭಯವೂ ಅಷ್ಟೇ ನಿಜ. ತೋಟದ ಒಡೆಯನೇ ತನ್ನಲ್ಲಿ ಕೆಲಸ ಮಾಡುವವರ ಮಗನಿಗೆ ಮಾರ್ಗದರ್ಶಕನಾದರೆ ಹುಡುಗ ಮನಬಿಚ್ಚಿ ಮಾತನಾಡುವುದು ಕಷ್ಟ.

ಕಾನೂನಿನ ಮಿತಿಗಳನ್ನು ಅರಿತಿರುವುದು ಅವಶ್ಯ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಕಾನೂನಿನೊಡನೆ ಸಂಘರ್ಷಕ್ಕೊಳಗಾದ ಬಾಲಕನನ್ನು ಮಂಡಳಿಯು ಸನ್ನಡತೆಯ ಆಧಾರದ ಮೇಲೆ, ಪೋಷಕರ ಅಥವಾ ‘ಯೋಗ್ಯ ವ್ಯಕ್ತಿ’ಯೊಬ್ಬರ ಹೊಣೆಯಲ್ಲಿ ಗರಿಷ್ಠ ಮೂರು ವರ್ಷ ಬಿಡಬಹುದು. ಆ ಮನ್ನಣೆ ತನ್ನಿಂದ ತಾನೇ ಬರುವುದಿಲ್ಲ. ವಿಚಾರಣೆಯ ನಂತರವೇ ಸಿಗುತ್ತದೆ. ಇಂಥ ಮಗುವಿನ ಗುರುತನ್ನು ಮಾಧ್ಯಮದಲ್ಲಿ ಬಯಲು ಮಾಡಿದರೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡು ಲಕ್ಷ ರೂ.ವರೆಗೆ ದಂಡ, ಇಲ್ಲವೇ ಎರಡೂ ವಿಧಿಸಬಹುದು. ಲೈಂಗಿಕ ದೌರ್ಜನ್ಯದ ಸಂಗತಿ ತಿಳಿದುಬಂದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಆದ್ದರಿಂದ ‘ಏನೇ ಹೇಳಿದರೂ ಗುಟ್ಟಾಗಿಡುತ್ತೇನೆ’ ಎಂಬ ವಾಗ್ದಾನವನ್ನು ಮಗುವಿಗೆ ಕೊಡಬಾರದು. ಯಾವುದನ್ನು ಮುಚ್ಚಿಡಲಾಗದು ಎಂಬುದನ್ನು ಮೊದಲ ಭೇಟಿಯಲ್ಲೇ ತಿಳಿಸುವುದು ಪ್ರಾಮಾಣಿಕತೆ.

ಆಸಕ್ತರು ನೇರವಾಗಿ ಮಗುವಿನ ಮನೆ ಬಾಗಿಲಿಗೆ ಹೋಗುವ ಬದಲು ಶಾಲೆಯ ಮುಖ್ಯಾಧ್ಯಾಪಕರ ಅಥವಾ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಮೂಲಕ, ಪೋಷಕರ ಒಪ್ಪಿಗೆ ಪಡೆದು ಮುಂದುವರಿಯುವುದು ಕ್ಷೇಮ. ತುರ್ತು ಸಂದರ್ಭಗಳಿಗೆ 1098 ಮಕ್ಕಳ ಸಹಾಯವಾಣಿಯಿದೆ. ಭೇಟಿಗೆ ನಾಲ್ಕು ಜನ ಓಡಾಡುವ ಜಾಗವೇ ಸೂಕ್ತ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2020ರ ‘ಓದುವ ಬೆಳಕು’ ಯೋಜನೆಯಲ್ಲಿ 6ರಿಂದ 18 ವರ್ಷದವರಿಗೆ ಉಚಿತ ಸದಸ್ಯತ್ವ ನೀಡಿದ್ದರಿಂದ ಅಲ್ಲಿಗೆ ಹುಡುಗರು ಬರುವುದಕ್ಕೆ ಯಾರೂ ಕಾರಣ ಕೇಳುವುದಿಲ್ಲ.

ಮಳೆಗಾಲದಲ್ಲಿ ಚಂಡಿಕಾ ಹೊಳೆ ಉಕ್ಕಿದರೆ ಕತಗಾಲದ ಬಳಿ ರಸ್ತೆಯೇ ಬಂದ್ ಆಗುತ್ತದೆ. ಕುಮಟಾದಿಂದ ಬರಬೇಕಾದವರು ಅಂಥ ವಾರದಲ್ಲಿ ಹುಡುಗನ ಮನೆಯವರ ಫೋನಿಗೆ ಕರೆ ಮಾಡಿ, ಮುಂದಿನ ಭೇಟಿಯ ದಿನವನ್ನು ಅವನಿಗೇ ಹೇಳಬೇಕು.