ಅರ್ಹತೆಯ ತಕರಾರು: ರಾಷ್ಟ್ರಪತಿ ಭವನದಿಂದ ಕನಕಪುರದ ನಾಮಪತ್ರದವರೆಗೆ

ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ ಬಂದಾಗಲೆಲ್ಲ ನಮ್ಮಲ್ಲಿ ಒಂದು ತಪ್ಪು ತಿಳಿವಳಿಕೆ ಹೊಸದಾಗಿ ಹಬ್ಬುತ್ತದೆ. ಅಲ್ಲಿ ಹುಟ್ಟಿನಿಂದಲೇ ಪೌರತ್ವ ಪಡೆದವರು ಮಾತ್ರ ಅಧ್ಯಕ್ಷರಾಗಬಹುದು, ಇಲ್ಲೂ ಹಾಗೆಯೇ ಎಂದು ಟಿವಿ ಚರ್ಚೆಗೆ ಕೂತವರು ಹೇಳುತ್ತಾರೆ, ಓದಿದವರೂ ನಂಬುತ್ತಾರೆ. ನಮ್ಮ ಸಂವಿಧಾನದಲ್ಲಿ ಅಂಥ ಷರತ್ತೇ ಇಲ್ಲ. ರಾಷ್ಟ್ರಪತಿಯಾಗಲು 58ನೇ ವಿಧಿ ಕೇಳುವುದು ಇಷ್ಟೇ: ಭಾರತದ ಪೌರರಾಗಿರಬೇಕು, 35 ವರ್ಷ ತುಂಬಿರಬೇಕು, ಲೋಕಸಭೆಗೆ ಆಯ್ಕೆಯಾಗುವ ಅರ್ಹತೆ ಇರಬೇಕು, ಸರ್ಕಾರದ ಅಡಿಯಲ್ಲಿ ಲಾಭದಾಯಕ ಹುದ್ದೆ ಹೊಂದಿರಬಾರದು. ಪೌರತ್ವ ಹುಟ್ಟಿನಿಂದ ಬಂತೋ ನೋಂದಣಿಯಿಂದ ಬಂತೋ ಎಂಬ ಪ್ರಶ್ನೆಯನ್ನು ಅದು ಎತ್ತುವುದಿಲ್ಲ.

ಉನ್ನತ ಹುದ್ದೆಗೆ ಯಾರು ಅರ್ಹರು ಎಂಬ ಜಗಳ ನಮ್ಮ ನ್ಯಾಯಾಲಯಗಳಲ್ಲಿ ಹೇಗೆ ಬೆಳೆಯಿತು ಎಂದು ಬರೆಯುವವರು ಸಾಮಾನ್ಯವಾಗಿ ದೆಹಲಿಯಲ್ಲಿ ಶುರುಮಾಡಿ ದೆಹಲಿಯಲ್ಲೇ ಮುಗಿಸುತ್ತಾರೆ. ಆ ಬೆಳವಣಿಗೆಯ ಎರಡು ಮುಖ್ಯ ತಿರುವುಗಳು ಕನಕಪುರ ಮತ್ತು ರಾಮನಗರದಲ್ಲಿವೆ. ರಾಮನಗರ ಎಂದರೆ ರೇಷ್ಮೆಗೂಡಿನ ಮಾರುಕಟ್ಟೆ, ಚನ್ನಪಟ್ಟಣ ಎಂದರೆ ಗೊಂಬೆ, ಮಾಗಡಿ ಎಂದರೆ ಕೆಂಪೇಗೌಡರು, ರಾಜಕೀಯ ಎಂದರೆ ಜಾತಿ ಲೆಕ್ಕಾಚಾರ ಎನ್ನುವಲ್ಲಿಗೆ ನಮ್ಮ ಪತ್ರಿಕಾ ಬರಹ ನಿಂತುಬಿಟ್ಟಿದೆ. ಸಂವಿಧಾನದ ಚರಿತ್ರೆಯಲ್ಲಿ ಈ ತಾಲ್ಲೂಕುಗಳಿಗೆ ಒಂದು ಅಧ್ಯಾಯ ಸಲ್ಲಬೇಕು.

ಮೊದಲ ಘಟ್ಟವನ್ನು ಬೇಗ ದಾಟಬಹುದು. ರಾಮನಗರದ ನೆಲದವರೇ ಆದ ಕೆಂಗಲ್ ಹನುಮಂತಯ್ಯನವರು ಸಂವಿಧಾನ ಸಭೆಯಲ್ಲಿ ಮೈಸೂರಿನ ಪ್ರತಿನಿಧಿಯಾಗಿದ್ದರು. ಸಂವಿಧಾನದ ಬಹುಭಾಗ 1950ರ ಜನವರಿ 26ರಂದು ಜಾರಿಗೆ ಬಂದರೂ ಪೌರತ್ವದ ವಿಧಿಗಳು 1949ರ ನವೆಂಬರ್ 26ರಂದೇ ಜಾರಿಯಾದವು. ಮಹಾರಾಜರ ಪ್ರಜೆಗಳಾಗಿದ್ದ ನಮ್ಮ ಹಿರಿಯರು ಗಣರಾಜ್ಯ ಹುಟ್ಟುವ ಎರಡು ತಿಂಗಳು ಮೊದಲೇ ಭಾರತದ ಪೌರರಾದರು. 1955ರ ಪೌರತ್ವ ಕಾಯ್ದೆ ನೋಂದಣಿ ಮತ್ತು ದೇಶೀಕರಣದ ದಾರಿಗಳನ್ನು ಹಾಕಿಕೊಟ್ಟಿತು. ಆ ದಾರಿಯಿಂದ ಬಂದವರು ಎರಡನೇ ದರ್ಜೆಯ ಪೌರರು ಎಂದು ಎಲ್ಲೂ ಹೇಳಲಿಲ್ಲ.

ಅಮೆರಿಕದ ದಾರಿ ಬೇರೆ. ಹುಟ್ಟಿನ ಷರತ್ತನ್ನು ಸಂವಿಧಾನದಲ್ಲಿ ಬರೆದಿಟ್ಟದ್ದರಿಂದ ಅಲ್ಲಿ ಚುನಾವಣೆಯಿಂದ ಚುನಾವಣೆಗೆ ಜನ್ಮಪತ್ರದ ಜಗಳ. ಪನಾಮಾ ಕಾಲುವೆ ವಲಯದಲ್ಲಿ ಹುಟ್ಟಿದ ಜಾನ್ ಮೆಕೇನ್, ಕೆನಡಾದಲ್ಲಿ ಹುಟ್ಟಿದ ಟೆಡ್ ಕ್ರೂಜ್ ಈ ಪ್ರಶ್ನೆ ಎದುರಿಸಿದರು. ಹವಾಯಿಯಲ್ಲಿ ಹುಟ್ಟಿದ ಬರಾಕ್ ಒಬಾಮ ಅಧ್ಯಕ್ಷರಾದ ಮೇಲೂ 2011ರಲ್ಲಿ ತಮ್ಮ ಪೂರ್ಣ ಜನನ ಪ್ರಮಾಣಪತ್ರವನ್ನು ಪ್ರಕಟಿಸಬೇಕಾಯಿತು. ಓಕ್ಲೆಂಡಿನಲ್ಲಿ ಹುಟ್ಟಿದ ಕಮಲಾ ಹ್ಯಾರಿಸ್ ಅವರನ್ನೂ ತಾಯಿ ತಂದೆ ಬೇರೆ ದೇಶದವರೆಂಬ ನೆಪದಲ್ಲಿ ಕೆಣಕಿದರು. ಐವರಿ ಕೋಸ್ಟ್‌ನಲ್ಲಿ ತಂದೆತಾಯಿಯ ರಾಷ್ಟ್ರೀಯತೆಯ ಪ್ರಶ್ನೆ ಎತ್ತಿ 2000ದಲ್ಲಿ ಅಲಸಾನ್ ಔಟಾರ ಅವರನ್ನು ಅಧ್ಯಕ್ಷ ಸ್ಪರ್ಧೆಯಿಂದ ಹೊರಗಿಟ್ಟರು. ಎರಡೇ ವರ್ಷದಲ್ಲಿ ಆ ದೇಶ ಅಂತರ್ಯುದ್ಧಕ್ಕೆ ಬಿತ್ತು. ನಮ್ಮ ಸಂವಿಧಾನ ಈ ಗುಂಡಿಗೆ ಬೀಳದೆ ಉಳಿದದ್ದು ದೊಡ್ಡ ವಿವೇಕ ಎಂದೇ ನನ್ನ ಅಭಿಪ್ರಾಯ.

ಹಾಗೆಂದು ನಮ್ಮಲ್ಲಿ ರಾಷ್ಟ್ರಪತಿ ಹುದ್ದೆಯ ತಕರಾರುಗಳಿಗೆ ಬರವಿಲ್ಲ. 1967ರಲ್ಲಿ ಝಾಕಿರ್ ಹುಸೇನ್ ಗೆದ್ದಾಗ ಬಾಬುರಾವ್ ಪಟೇಲ್ ಸುಪ್ರೀಂ ಕೋರ್ಟಿಗೆ ಹೋದರು. ಲೋಕಸಭೆಯ ಅಭ್ಯರ್ಥಿ ನಾಮಪತ್ರದ ಹಂತದಲ್ಲಿ ಪ್ರಮಾಣ ಸ್ವೀಕರಿಸಬೇಕು ಎಂದು 1963ರ ತಿದ್ದುಪಡಿ ಹೇಳಿದ ಮೇಲೆ ರಾಷ್ಟ್ರಪತಿ ಅಭ್ಯರ್ಥಿಯೂ ಹಾಗೆ ಮಾಡಬೇಕಿತ್ತು ಎಂಬುದು ಅವರ ವಾದಗಳಲ್ಲೊಂದು. ಕೋರ್ಟ್ ಒಪ್ಪಲಿಲ್ಲ. 1969ರ ಕಥೆಯ ಬೇರು ನಮ್ಮ ಬೆಂಗಳೂರಿನಲ್ಲೇ ಇದೆ. ಜುಲೈನಲ್ಲಿ ಇಲ್ಲಿ ಸೇರಿದ್ದ ಕಾಂಗ್ರೆಸ್ ಸಂಸದೀಯ ಮಂಡಳಿ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿಯನ್ನಾಗಿ ಆರಿಸಿತು, ಆಗ ಪಕ್ಷದ ಅಧ್ಯಕ್ಷರಾಗಿದ್ದವರು ನಮ್ಮ ನಿಜಲಿಂಗಪ್ಪನವರು. ಗೆದ್ದದ್ದು ವಿ.ವಿ. ಗಿರಿ. ಆ ಗೆಲುವಿನ ಮೇಲಿನ ತಕರಾರು ಅರ್ಜಿಯಲ್ಲಿ ರಾಷ್ಟ್ರಪತಿಗಳೇ ಸುಪ್ರೀಂ ಕೋರ್ಟಿಗೆ ಬಂದು ಸಾಕ್ಷ್ಯ ನುಡಿದರು.

ಆ ಕಾಲದಲ್ಲಿ ಒಬ್ಬ ಸೂಚಕರು, ಒಬ್ಬ ಅನುಮೋದಕರು ಸಿಕ್ಕರೆ ಯಾರು ಬೇಕಾದರೂ ಕಣಕ್ಕಿಳಿಯಬಹುದಿತ್ತು. 1967ರಲ್ಲಿ 17, 1969ರಲ್ಲಿ 15 ಅಭ್ಯರ್ಥಿಗಳಿದ್ದರು. 1974ರಲ್ಲಿ ಕಾಯ್ದೆ ತಿದ್ದಿ ತಲಾ ಹತ್ತು ಮಂದಿ ಬೇಕೆಂದರು. 1977ರಲ್ಲಿ ಬಂದ 37 ನಾಮಪತ್ರಗಳಲ್ಲಿ 36 ತಿರಸ್ಕೃತವಾದವು, ಸಂಜೀವ ರೆಡ್ಡಿ ಅವಿರೋಧವಾಗಿ ರಾಷ್ಟ್ರಪತಿಯಾದರು. 1997ರಿಂದ 50 ಸೂಚಕರು, 50 ಅನುಮೋದಕರು, 15,000 ರೂಪಾಯಿ ಠೇವಣಿ. ರಾಷ್ಟ್ರಪತಿ ಚುನಾವಣೆಯಲ್ಲಿ ಕರ್ನಾಟಕದ ಒಬ್ಬ ಶಾಸಕರ ಮತದ ಮೌಲ್ಯ 131. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ನಾಲ್ವರು ಶಾಸಕರು ಸೇರಿದರೆ 524. ಮತ ಹಾಕಲು ಅಷ್ಟು ತೂಕವಿದ್ದರೂ ಅಭ್ಯರ್ಥಿಯೊಬ್ಬರನ್ನು ನಿಲ್ಲಿಸಲು ಅವರಿಗೆ ಇನ್ನೂ 96 ಸಹಿ ಬೇಕು. ತಕರಾರುಗಳ ಹಾವಳಿ ತಡೆಯಲು ಹಾಕಿದ ಬೇಲಿ ಇದು. ಸಾಮಾನ್ಯ ಪೌರನನ್ನು ಅದು ಸಂಪೂರ್ಣವಾಗಿ ಹೊರಗಿಟ್ಟಿತು ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಈಗ ನಮ್ಮ ಜಿಲ್ಲೆಗೆ ಬರೋಣ. ನನ್ನ ತಲೆಮಾರಿನ ವಕೀಲರು ಈ ವಿಷಯ ಕಲಿತದ್ದು ಪುಸ್ತಕದಿಂದಲ್ಲ, 1983ರ ಕನಕಪುರದಿಂದ. ಆ ವರ್ಷದ ಜನವರಿಯಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದಾಗ ಅವರು ವಿಧಾನಸಭೆಯಲ್ಲೂ ಇರಲಿಲ್ಲ, ವಿಧಾನ ಪರಿಷತ್ತಿನಲ್ಲೂ ಇರಲಿಲ್ಲ. ಸದಸ್ಯರಲ್ಲದವರು ಮಂತ್ರಿಯಾದರೆ ಆರು ತಿಂಗಳೊಳಗೆ ಆಯ್ಕೆಯಾಗಬೇಕು ಎಂದು 164ನೇ ವಿಧಿಯ ನಾಲ್ಕನೇ ಉಪವಿಧಿ ಹೇಳುತ್ತದೆ. ಕನಕಪುರದಿಂದ ಆಗಷ್ಟೇ ಗೆದ್ದಿದ್ದ ಪಿ.ಜಿ.ಆರ್. ಸಿಂಧ್ಯ ರಾಜೀನಾಮೆ ಕೊಟ್ಟರು, ಉಪಚುನಾವಣೆ ನಡೆಯಿತು, ಹೆಗಡೆ ಗೆದ್ದರು. ಕನಕಪುರದ ಮತದಾರ ಅಂದು ಬರೀ ಶಾಸಕನನ್ನು ಆರಿಸಲಿಲ್ಲ, ಅಧಿಕಾರದಲ್ಲಿದ್ದ ಮುಖ್ಯಮಂತ್ರಿಯ ಅರ್ಹತೆಗೆ ಮುದ್ರೆ ಒತ್ತಿದ. 1971ರಲ್ಲೇ ಉತ್ತರ ಪ್ರದೇಶದ ಟಿ.ಎನ್. ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಆರು ತಿಂಗಳ ಅವಕಾಶವನ್ನು ಮುಖ್ಯಮಂತ್ರಿಗೂ ಅನ್ವಯಿಸಿತ್ತು. ಆದರೆ ಟಿ.ಎನ್. ಸಿಂಗ್ ಉಪಚುನಾವಣೆಯಲ್ಲಿ ಸೋತಿದ್ದರು. ಆ ಅವಕಾಶ ಸರಿಯಾಗಿ ನಡೆದರೆ ಹೇಗಿರುತ್ತದೆ ಎಂಬುದಕ್ಕೆ ಕನಕಪುರವೇ ಒಳ್ಳೆಯ ಮಾದರಿ.

ಇನ್ನೂ ದೊಡ್ಡ ಪ್ರಶ್ನೆ 1996ರಲ್ಲಿ ಎದ್ದಿತು. ಜೂನ್ 1ರಂದು ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿ ಪ್ರಮಾಣ ವಚನ ಸ್ವೀಕರಿಸಿದರು. ಅವರು ಆಗ ರಾಮನಗರದ ಶಾಸಕರು, ಸಂಸತ್ತಿನ ಯಾವ ಸದನದ ಸದಸ್ಯರೂ ಆಗಿರಲಿಲ್ಲ. ಇಂದೋರ್‌ನ ಎಸ್.ಪಿ. ಆನಂದ್ ಎಂಬವರು ನೇರವಾಗಿ ಸುಪ್ರೀಂ ಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಿದರು. ಸಾಧಾರಣ ಮಂತ್ರಿಗೆ ಆರು ತಿಂಗಳ ರಿಯಾಯಿತಿ ಇರಬಹುದು, ಸರ್ಕಾರದ ಮುಖ್ಯಸ್ಥನಾದ ಪ್ರಧಾನಿಗೆ ಅದು ಹೇಗೆ ಸಲ್ಲುತ್ತದೆ, ಲೋಕಸಭೆಗೆ ಹೊಣೆಯಾಗಬೇಕಾದವನು ಸದನದ ಹೊರಗಿನವನಾಗಿರಲು ಸಾಧ್ಯವೇ ಎಂಬುದು ಅವರ ವಾದ. ಕೇಳಲು ಬಲವಾಗಿಯೇ ಇದೆ.

ಮುಖ್ಯ ನ್ಯಾಯಮೂರ್ತಿ ಎ.ಎಂ. ಅಹ್ಮದಿ ಅವರಿದ್ದ ಪೀಠ ನವೆಂಬರಿನಲ್ಲಿ ಅರ್ಜಿಯನ್ನು ವಜಾ ಮಾಡಿತು. 75ನೇ ವಿಧಿಯ ಐದನೇ ಉಪವಿಧಿಯಲ್ಲಿರುವ ಮಂತ್ರಿ ಎಂಬುದರಲ್ಲಿ ಪ್ರಧಾನಿಯೂ ಸೇರುತ್ತಾರೆ. 88ನೇ ವಿಧಿ ಯಾವುದೇ ಮಂತ್ರಿಗೆ ಎರಡೂ ಸದನಗಳಲ್ಲಿ ಮಾತಾಡುವ ಹಕ್ಕು ಕೊಡುತ್ತದೆ, ಮತ ಹಾಕುವ ಹಕ್ಕು ಕೊಡುವುದಿಲ್ಲ. ಹಾಗಾಗಿ ಸದಸ್ಯರಲ್ಲದ ಪ್ರಧಾನಿಯೂ ಸದನದ ಮುಂದೆ ನಿಂತು ಉತ್ತರ ಕೊಡಬಲ್ಲರು, ಹೊಣೆಗಾರಿಕೆಗೆ ಭಂಗವಿಲ್ಲ. ತೀರ್ಪು ಬರುವ ಹೊತ್ತಿಗೆ ದೇವೇಗೌಡರು ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾಗಿದ್ದರು. ಸಾಕಷ್ಟು ಸಿದ್ಧತೆಯಿಲ್ಲದೆ ಸಾರ್ವಜನಿಕ ಹಿತಾಸಕ್ತಿಯ ಹೆಸರಿನಲ್ಲಿ ದೊಡ್ಡ ಪ್ರಶ್ನೆ ಎತ್ತುವುದರ ಅಪಾಯವನ್ನೂ ಪೀಠ ಹೇಳಿತು. ಪ್ರಶ್ನೆಯನ್ನು ಸಂವಿಧಾನದ ಪಠ್ಯದೊಳಗೇ ಬಗೆಹರಿಸಿದ, ಊಹೆಗೆ ಎಡೆಕೊಡದ ತೀರ್ಪು ಅದು. ಪ್ರಧಾನಿ ಹುದ್ದೆಯ ಅರ್ಹತೆಯ ಬಗ್ಗೆ ಸುಪ್ರೀಂ ಕೋರ್ಟ್ ಹೇಳಿದ ಈ ಮಾತು ರಾಮನಗರದ ಶಾಸಕರೊಬ್ಬರ ನೇಮಕದ ಮೇಲೆ ಬಂದದ್ದು. ಆ ಜೂನ್‌ನ ಸಂಭ್ರಮವನ್ನು ನೆನೆಯುವ ನಮ್ಮೂರಿನವರು ನವೆಂಬರಿನ ಈ ತೀರ್ಪನ್ನು ಮರೆತಿದ್ದಾರೆ.

1999ರಲ್ಲಿ ಪೌರತ್ವದ ಜಗಳ ನೇರವಾಗಿ ಕರ್ನಾಟಕಕ್ಕೆ ಬಂತು. ಸೋನಿಯಾ ಗಾಂಧಿ ವಿದೇಶಿ ಮೂಲದವರು ಎಂದು ಶರದ್ ಪವಾರ್, ಪಿ.ಎ. ಸಂಗ್ಮಾ, ತಾರಿಕ್ ಅನ್ವರ್ ಕಾಂಗ್ರೆಸ್ಸಿನಿಂದ ಹೊರಬಿದ್ದರು. ಬಳ್ಳಾರಿಯಲ್ಲಿ ಸುಷ್ಮಾ ಸ್ವರಾಜ್ ಕನ್ನಡ ಕಲಿತು ಅದೇ ವಿಷಯವನ್ನು ಮತದಾರರ ಮುಂದಿಟ್ಟರು. ಬಳ್ಳಾರಿ ಸೋನಿಯಾರನ್ನು ಗೆಲ್ಲಿಸಿತು. ಅದೇ ಚುನಾವಣೆಯಲ್ಲಿ ಅಮೇಠಿಯಲ್ಲಿ ಅವರು ಗೆದ್ದದ್ದರ ಮೇಲಿನ ತಕರಾರು 2001ರಲ್ಲಿ ಸುಪ್ರೀಂ ಕೋರ್ಟಿಗೆ ಬಂದಾಗ, ಅಭ್ಯರ್ಥಿಯ ಪೌರತ್ವವನ್ನು ಚುನಾವಣಾ ಅರ್ಜಿಯಲ್ಲಿ ಪ್ರಶ್ನಿಸಬಹುದು, ಆದರೆ ಆಧಾರವಿಲ್ಲದ ಬರೀ ಆಪಾದನೆ ಸಾಲದು ಎಂದು ಕೋರ್ಟ್ ಹೇಳಿತು. ಎರಡೂ ಸರಿಯಾದ ಮಾತು. ಅದೇ ವರ್ಷ ಬಂದ ಇನ್ನೆರಡು ತೀರ್ಪುಗಳು ಆರು ತಿಂಗಳ ರಿಯಾಯಿತಿಗೆ ಮಿತಿ ಹಾಕಿದವು. ಆಯ್ಕೆಯಾಗದ ಮಂತ್ರಿಯನ್ನು ಅದೇ ವಿಧಾನಸಭೆಯ ಅವಧಿಯಲ್ಲಿ ಮತ್ತೆ ನೇಮಿಸುವಂತಿಲ್ಲ ಎಂದು ಪಂಜಾಬಿನ ಪ್ರಕರಣ ಹೇಳಿತು. ಸ್ಪರ್ಧಿಸಲೇ ಅನರ್ಹರಾದವರು ಮುಖ್ಯಮಂತ್ರಿಯಾಗುವಂತಿಲ್ಲ ಎಂದು ಜಯಲಲಿತಾ ಪ್ರಕರಣ ಹೇಳಿತು.

2012ರಲ್ಲಿ ಅದೇ ಸಂಗ್ಮಾ ರಾಷ್ಟ್ರಪತಿ ಅಭ್ಯರ್ಥಿಯಾಗಿ ಸೋತು, ಪ್ರಣಬ್ ಮುಖರ್ಜಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಅಧ್ಯಕ್ಷ ಸ್ಥಾನದಲ್ಲಿದ್ದರು, ಅದು ಲಾಭದಾಯಕ ಹುದ್ದೆ ಎಂದು ಕೋರ್ಟಿಗೆ ಹೋದರು. ಐವರ ಪೀಠದಲ್ಲಿ ಮೂವರು ವಿಚಾರಣೆಯೇ ಬೇಡವೆಂದರು. ಚೆಲಮೇಶ್ವರ್ ಮತ್ತು ಗೊಗೊಯ್ ಪೂರ್ಣ ವಿಚಾರಣೆ ಬೇಕೆಂದರು. ಫಲಿತಾಂಶ ಅದೇ ಆಗುತ್ತಿತ್ತೇನೋ, ಆದರೂ ಆ ಇಬ್ಬರ ಅಭಿಪ್ರಾಯವೇ ಸರಿ. ದೇಶದ ಮೊದಲ ಹುದ್ದೆಯ ಮೇಲಿನ ತಕರಾರನ್ನು ಹೊಸ್ತಿಲಲ್ಲೇ ಕಳಿಸಿಬಿಡಬಾರದಿತ್ತು.

ಈ ನಡುವೆ ಸೇರಿದ ಹೊಸ ವಿಷಯ ಸಾಗರೋತ್ತರ ಭಾರತೀಯ ಪೌರರದ್ದು. ಮಾಗಡಿ, ಕನಕಪುರದ ಎಷ್ಟೋ ಮನೆಗಳ ಮಕ್ಕಳು ಇಂದು ಅಮೆರಿಕದ ಪೌರರು. ಕೈಯಲ್ಲಿ ಓಸಿಐ ಕಾರ್ಡ್ ಇದೆ, ಅದನ್ನೇ ಇನ್ನೊಂದು ಪೌರತ್ವ ಎಂದುಕೊಂಡವರು ಬಹಳ. ಪೌರತ್ವ ಕಾಯ್ದೆಯ 7ಬಿ ಕಲಂ ಪ್ರಕಾರ ಅವರು 58ನೇ ವಿಧಿಯಡಿ ರಾಷ್ಟ್ರಪತಿಯಾಗುವಂತಿಲ್ಲ, ಶಾಸಕರೋ ಸಂಸದರೋ ಆಗುವಂತಿಲ್ಲ, ಮತದಾರರ ಪಟ್ಟಿಗೂ ಸೇರುವಂತಿಲ್ಲ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ಮಾತ್ರ 2010ರ ತಿದ್ದುಪಡಿಯಂತೆ ಊರಿನ ಪಟ್ಟಿಗೆ ಸೇರಿ, ಬಂದು ಮತ ಹಾಕಬಹುದು.

ಇಲ್ಲಿಯವರೆಗಿನ ಬರವಣಿಗೆಯ ದೊಡ್ಡ ಕೊರತೆ ಏನೆಂದರೆ, ಅದು ದೊಡ್ಡವರ ಅರ್ಹತೆಯನ್ನಷ್ಟೇ ನೋಡಿದೆ. ಅರ್ಹತೆಯ ಜಗಳ ನಿಜವಾಗಿ ನಡೆಯುವುದು ನಾಮಪತ್ರ ಪರಿಶೀಲನೆಯ ದಿನ, ಚುನಾವಣಾಧಿಕಾರಿಯ ಮೇಜಿನ ಮುಂದೆ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು, ಪಕ್ಷೇತರನಿಗೆ ಹತ್ತು ಮಂದಿ ಬೇಕು. ಬೇರೆ ಕ್ಷೇತ್ರದ ಮತದಾರನಾಗಿದ್ದರೆ ಮತದಾರರ ಪಟ್ಟಿಯ ದೃಢೀಕೃತ ಪ್ರತಿ ಬೇಕು. ಪರಿಶೀಲನೆಯ ದಿನಕ್ಕೆ ಮುಂಚೆ ಪ್ರಮಾಣ ಸ್ವೀಕರಿಸಿರಬೇಕು. ನಮೂನೆ 26ರ ಅಫಿಡವಿಟ್‌ನಲ್ಲಿ ಒಂದು ಕಾಲಂ ಖಾಲಿ ಬಿಟ್ಟು, ಅಧಿಕಾರಿ ಹೇಳಿದ ಮೇಲೂ ತುಂಬದಿದ್ದರೆ 2013ರ ತೀರ್ಪಿನಂತೆ ನಾಮಪತ್ರ ತಿರಸ್ಕರಿಸಬಹುದು. ಪಕ್ಷದ ಅಭ್ಯರ್ಥಿಯ ಬೆನ್ನಿಗೆ ಫೈಲು ಹಿಡಿದ ವಕೀಲರ ತಂಡ ಇರುತ್ತದೆ, ಒಂದಕ್ಕೆ ನಾಲ್ಕು ಪ್ರತಿ ನಾಮಪತ್ರ ಸಲ್ಲಿಕೆಯಾಗಿರುತ್ತದೆ. ಪಕ್ಷೇತರ ತನ್ನ ಸೂಚಕರಲ್ಲಿ ಒಬ್ಬನ ಪಟ್ಟಿಯ ಕ್ರಮಸಂಖ್ಯೆ ತಪ್ಪಾಗಿದೆಯೆಂದು ತಿಳಿದು, ಆತನನ್ನು ಹುಡುಕಲು ಹೊರಗೆ ಓಡುತ್ತಾನೆ.

ಬಲಾಢ್ಯರಿಗೂ ಈ ಮೇಜಿನ ಭಯ ಇದ್ದೇ ಇದೆ. 2023ರ ಏಪ್ರಿಲ್‌ನಲ್ಲಿ ಕನಕಪುರದಲ್ಲಿ ಡಿ.ಕೆ. ಶಿವಕುಮಾರ್ ಅವರ ನಾಮಪತ್ರ ಎಲ್ಲಿ ತಿರಸ್ಕೃತವಾಗುತ್ತದೋ ಎಂಬ ಮುನ್ನೆಚ್ಚರಿಕೆಯಿಂದ ಕೊನೆಯ ದಿನ ತಮ್ಮ ಡಿ.ಕೆ. ಸುರೇಶ್ ಕೂಡ ನಾಮಪತ್ರ ಸಲ್ಲಿಸಿದರು. ಮರುದಿನ ಅಣ್ಣನ ನಾಮಪತ್ರ ಅಂಗೀಕಾರವಾಯಿತು. ಹೀಗೆ ಬದಲಿ ವ್ಯವಸ್ಥೆ ಮಾಡಿಕೊಳ್ಳುವ ಶಕ್ತಿ ಪಕ್ಷೇತರನಿಗೆ ಎಲ್ಲಿಂದ ಬರಬೇಕು?

ತಿರಸ್ಕಾರವಾದ ಮೇಲೆ ದಾರಿ ಇನ್ನೂ ಕಿರಿದು. 1952ರ ಪೊನ್ನುಸ್ವಾಮಿ ಪ್ರಕರಣದಿಂದ ಇಂದಿನವರೆಗೆ, ಚುನಾವಣೆ ಮುಗಿಯುವ ತನಕ ಕೋರ್ಟ್ ಕೈಹಾಕುವುದಿಲ್ಲ. ಫಲಿತಾಂಶದ ನಂತರ 45 ದಿನಗಳೊಳಗೆ ಹೈಕೋರ್ಟಿನಲ್ಲಿ ಅರ್ಜಿ ಹಾಕಬೇಕು. ಒಂದೇ ಒಂದು ನಾಮಪತ್ರ ಅಕ್ರಮವಾಗಿ ತಿರಸ್ಕೃತವಾಗಿದ್ದರೂ ಇಡೀ ಚುನಾವಣೆ ರದ್ದಾಗುತ್ತದೆ ಎಂದು ಪ್ರಜಾಪ್ರತಿನಿಧಿ ಕಾಯ್ದೆಯ 100ನೇ ಕಲಂ ಹೇಳುತ್ತದೆ. ಅಷ್ಟು ದೊಡ್ಡ ಅಸ್ತ್ರವನ್ನು ಬಳಸುವ ಹಣ, ವ್ಯವಧಾನ ಇರುವ ಪಕ್ಷೇತರರು ಅಪರೂಪ. ಗಂಭೀರವಲ್ಲದ ದೋಷಕ್ಕೆ ತಿರಸ್ಕರಿಸಬಾರದು, ತಿರಸ್ಕರಿಸಿದರೆ ಕಾರಣ ಬರೆಯಬೇಕು ಎಂದು 36ನೇ ಕಲಂ ಅಧಿಕಾರಿಗೆ ವಿಧಿಸಿದೆ. ಆ ಕಾರಣಗಳು ಕಡತದಲ್ಲೇ ಉಳಿಯುತ್ತವೆ. ಸಾರ್ವಜನಿಕರ ಕಣ್ಣಿಗೆ ಬೀಳುವುದು ಹೆಸರಿನ ಮುಂದಿನ ‘ತಿರಸ್ಕೃತ’ ಎಂಬ ಷರಾ ಮಾತ್ರ.

ರಾಷ್ಟ್ರಪತಿ ಅಭ್ಯರ್ಥಿಗೆ 58ನೇ ವಿಧಿ ಲೋಕಸಭೆಯ ಅರ್ಹತೆಯನ್ನೇ ಅಳತೆಗೋಲು ಮಾಡಿರುವುದರಿಂದ, ಆ ಅಳತೆಗೋಲನ್ನು ತಳಮಟ್ಟದಲ್ಲಿ ಹೇಗೆ ಹಿಡಿಯುತ್ತಾರೆ ಎಂಬುದು ತಿಳಿಯದೆ ಈ ವಿಷಯದ ಚರಿತ್ರೆ ಪೂರ್ತಿಯಾಗದು. ನಾಲ್ಕೂ ಕ್ಷೇತ್ರಗಳ ತಿರಸ್ಕಾರದ ಆದೇಶಗಳನ್ನು ಮತದಾನಕ್ಕೆ ಮೊದಲೇ, ಕಾರಣಗಳ ಸಮೇತ, ಕನ್ನಡದಲ್ಲಿ ಪ್ರಕಟಿಸುವಂತೆ ಚುನಾವಣಾ ಆಯೋಗವನ್ನು ಒತ್ತಾಯಿಸಬೇಕು. ಈ ನಾಲ್ಕು ಊರುಗಳ ವಕೀಲರ ಸಂಘಗಳಲ್ಲಿರುವ ಕಿರಿಯರು ಮುಂದಿನ ಪರಿಶೀಲನೆಯ ದಿನ ಒಬ್ಬ ಪಕ್ಷೇತರ ಅಭ್ಯರ್ಥಿಯ ಜೊತೆ ಹೋಗಿ ಕೂರಲಿ, ಶುಲ್ಕ ಕೇಳದೆ.