ಹ್ಯಾಂಡ್‌ಬ್ರೇಕ್ ವೈರಿನ ಚರಿತ್ರೆ

ಕಾರಿನ ಡ್ಯಾಶ್‌ಬೋರ್ಡಿನಿಂದ ವಿಡಿಯೋ ಸ್ಟೀರಿಯೋ ಒಂದನ್ನು ಹೊರಗೆಳೆದರೆ ಹಿಂಬದಿಯಲ್ಲಿ ಬಣ್ಣಬಣ್ಣದ ವೈರುಗಳ ಕಂತೆ ಕಾಣುತ್ತದೆ. ಹಳದಿಯದು ಬ್ಯಾಟರಿಗೆ, ಕೆಂಪಿನದು ಇಗ್ನಿಷನ್‌ಗೆ, ಕಪ್ಪು ಅರ್ಥಿಂಗಿಗೆ, ಉಳಿದವು ಸ್ಪೀಕರುಗಳಿಗೆ. ಅವುಗಳ ನಡುವೆ ಒಂಟಿಯಾಗಿ ಇಳಿಬಿದ್ದ ಇನ್ನೊಂದು ವೈರು, ಹಲವು ಸ್ಟೀರಿಯೋಗಳಲ್ಲಿ ತಿಳಿಹಸಿರು ಬಣ್ಣದ್ದು, ಹ್ಯಾಂಡ್‌ಬ್ರೇಕಿನ ಸ್ವಿಚ್ಚಿಗೆ ಹೋಗಬೇಕು. ಬ್ರೇಕ್ ಎಳೆದರೆ ಗಾಡಿ ನಿಂತಿದೆಯೆಂದು ಸ್ಟೀರಿಯೋಗೆ ಸುದ್ದಿ ಮುಟ್ಟುತ್ತದೆ, ಪರದೆಯಲ್ಲಿ ಸಿನಿಮಾ ಶುರುವಾಗುತ್ತದೆ. ಬ್ರೇಕ್ ಬಿಟ್ಟರೆ ಹಾಡು ಕೇಳುತ್ತಲೇ ಇರುತ್ತದೆ, ಚಿತ್ರ ಮಾತ್ರ ಮಾಯ.

ಈ ವೈರನ್ನು ಸ್ವಿಚ್ಚಿನವರೆಗೆ ಒಯ್ಯದೆ ಅರ್ಥಿಂಗಿಗೇ ಸುತ್ತಿಬಿಟ್ಟರೆ, ಗಾಡಿ ನೂರರ ವೇಗದಲ್ಲಿ ಓಡುತ್ತಿದ್ದರೂ ಸ್ಟೀರಿಯೋ ಲೆಕ್ಕದಲ್ಲಿ ಅದು ನಿಂತೇ ಇರುತ್ತದೆ. ಈ ಕೈಚಳಕ ಜಗತ್ತಿನ ಎಲ್ಲ ಕಾರ್ ಆಕ್ಸೆಸರೀಸ್ ಅಂಗಡಿಗಳಿಗೂ ಗೊತ್ತು. ಕಂಪನಿಗಳು ಬೀಗ ಬಿಗಿ ಮಾಡಿದಂತೆಲ್ಲ ಅದನ್ನು ತಪ್ಪಿಸುವ ಪುಟ್ಟ ಪೆಟ್ಟಿಗೆಗಳೂ ಮಾರುಕಟ್ಟೆಗೆ ಬಂದವು. ಕಾರಿನೊಳಗಿನ ವಿಡಿಯೋದ ಚರಿತ್ರೆಯನ್ನು ಹುಡುಕುತ್ತ ಹೋದರೆ ಅದರ ಉದ್ದಕ್ಕೂ ಇದೇ ಜಗ್ಗಾಟ ಕಾಣುತ್ತದೆ.

ಡ್ಯಾಶ್‌ಬೋರ್ಡಿಗೆ ಪರದೆ ಬಂದದ್ದು ಸಿನಿಮಾಕ್ಕಾಗಿ ಅಲ್ಲ, ದಾರಿ ತೋರಿಸುವುದಕ್ಕೆ. 1981ರಲ್ಲಿ ಜಪಾನಿನ ಹೋಂಡಾ ಕಂಪನಿ ‘ಎಲೆಕ್ಟ್ರೋ ಗೈರೊಕೇಟರ್’ ಎಂಬ ಉಪಕರಣ ತಂದಿತು. ಆಗಿನ್ನೂ ಜನರ ಕೈಗೆ ಜಿಪಿಎಸ್ ಬಂದಿರಲಿಲ್ಲ. ಕಾರು ತಿರುಗಿದ್ದೆಷ್ಟು, ಓಡಿದ್ದೆಷ್ಟು ಎಂದು ಅಳೆದು, ಪುಟ್ಟ ಪಿಕ್ಚರ್ ಟ್ಯೂಬಿನ ಮೇಲೆ ಅದೊಂದು ಬೆಳಕಿನ ಗುರುತು ಮೂಡಿಸುತ್ತಿತ್ತು. ಪಾರದರ್ಶಕ ಹಾಳೆಯಲ್ಲಿ ಅಚ್ಚಾದ ನಕ್ಷೆಯನ್ನು ಟ್ಯೂಬಿನ ಮುಂದೆ ಸಿಕ್ಕಿಸಿಕೊಳ್ಳಬೇಕು. ಊರು ದಾಟಿದರೆ ಹಾಳೆ ಬದಲಿಸಬೇಕು! 1986ರಲ್ಲಿ ಅಮೆರಿಕದ ಬ್ಯೂಯಿಕ್ ರಿವಿಯೆರಾ ಕಾರಿಗೆ ಟಚ್‌ಸ್ಕ್ರೀನೇ ಬಂತು. ರೇಡಿಯೋ, ಎಸಿ ಎಲ್ಲವೂ ಅದರಲ್ಲೇ. ಹಳೆಯ ಗುಂಡಿಗಳನ್ನು ಕೈ ತಡಕಿದರೆ ಸಾಕಿತ್ತು, ಪರದೆಗೆ ಕಣ್ಣೇ ಬೇಕು. ರಸ್ತೆಯಿಂದ ಕಣ್ಣು ಕೀಳಬೇಕಾಗುತ್ತದೆಂಬ ದೂರು ಬಂತು, ಕೆಲವೇ ವರ್ಷಗಳಲ್ಲಿ ಕಂಪನಿ ಅದನ್ನು ಕೈಬಿಟ್ಟಿತು. ಇಂದಿನ ಕಾರುಗಳ ಬಗ್ಗೆ ಕೇಳಿಬರುವ ದೂರೂ ಇದೇ. ನಲವತ್ತು ವರ್ಷಗಳ ಹಿಂದೆಯೇ ಕಲಿತ ಪಾಠವನ್ನು ವಾಹನೋದ್ಯಮ ಇಷ್ಟು ಸಲೀಸಾಗಿ ಮರೆತದ್ದು ಅಚ್ಚರಿಯ ಸಂಗತಿ.

ಓಡುವ ಗಾಡಿಯಲ್ಲಿ ಪೂರಾ ಸಿನಿಮಾ ನೋಡುವ ಅನುಭವ ಕರ್ನಾಟಕದವರಿಗೆ ಸಿಕ್ಕಿದ್ದು ಕಾರಿನಲ್ಲಲ್ಲ, ರಾತ್ರಿ ಬಸ್ಸಿನಲ್ಲಿ. 1982ರ ದೆಹಲಿ ಏಷ್ಯನ್ ಗೇಮ್ಸ್ ಹೊತ್ತಿಗೆ ದೇಶಕ್ಕೆ ಕಲರ್ ಟಿವಿ ಬಂತು, ಅದರ ಬೆನ್ನಿಗೇ ವಿಸಿಆರ್ ಹಾವಳಿ. ಬೆಂಗಳೂರಿನಿಂದ ಮಂಗಳೂರಿಗೆ, ಹುಬ್ಬಳ್ಳಿಗೆ, ಮುಂಬೈಗೆ ಹೊರಡುವ ಖಾಸಗಿ ಬಸ್ಸುಗಳ ಮೈಮೇಲೆ ‘ವಿಡಿಯೋ ಕೋಚ್’ ಎಂಬ ದಪ್ಪಕ್ಷರಗಳು ಮೂಡಿದವು. ಡ್ರೈವರ್ ಕ್ಯಾಬಿನ್ನಿನ ಹಿಂಗೋಡೆಯ ಮೇಲೆ, ಪ್ರಯಾಣಿಕರತ್ತ ಮುಖ ಮಾಡಿದ ಟಿವಿ. ಬಸ್ಸು ಊರು ಬಿಡುತ್ತಲೇ ಕ್ಲೀನರ್ ಕ್ಯಾಸೆಟ್ ತುರುಕಿ ಲೈಟು ಆರಿಸುತ್ತಿದ್ದ. ಹಳ್ಳಕ್ಕೆ ಚಕ್ರ ಇಳಿದಾಗೆಲ್ಲ ಚಿತ್ರದ ಮೇಲೆ ಬಿಳಿ ಗೆರೆಗಳು ಓಡುತ್ತಿದ್ದವು. ಹಿಂದಿನ ಸೀಟಿನವರಿಗೆ ಬರೀ ಡೈಲಾಗು. ನಿದ್ದೆ ಬೇಕೆನ್ನುವವರಿಗೂ ಕ್ಲೈಮ್ಯಾಕ್ಸ್ ಮುಗಿಯಲಿ ಎನ್ನುವವರಿಗೂ ನಡುರಾತ್ರಿ ಮಾತಿಗೆ ಮಾತು ಬೆಳೆಯುತ್ತಿತ್ತು. ಕ್ಯಾಸೆಟ್ಟುಗಳಲ್ಲಿ ಕಳ್ಳ ಪ್ರತಿಗಳೇ ತುಂಬಿದ್ದ ಕಾಲವದು. ವಿಡಿಯೋ ಪೈರಸಿ ದೇಶದಾದ್ಯಂತ ಎಷ್ಟು ಹಬ್ಬಿತೆಂದರೆ 1984ರಲ್ಲಿ ಸಂಸತ್ತು ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ತಂದು ವಿಡಿಯೋ ಚಿತ್ರಗಳನ್ನೂ ಅದರೊಳಗೆ ಸೇರಿಸಿತು.

ಆದರೆ ಈ ಏರ್ಪಾಟಿನಲ್ಲಿ ಒಂದು ವಿವೇಕವಿತ್ತು. ಟಿವಿ ಇದ್ದದ್ದು ಡ್ರೈವರನ ಬೆನ್ನ ಹಿಂದೆ. ಅಮೆರಿಕದ ವಾಣಿಜ್ಯ ವಾಹನಗಳ ನಿಯಮ ಹೇಳುವುದೂ ಇದನ್ನೇ: ಟಿವಿ ಇಡುವುದಾದರೆ ಚಾಲಕನ ಸೀಟಿನ ಹಿಂದೆ, ಓಡಿಸುವಾಗ ಅವನಿಗೆ ಕಾಣದಂತೆ.

ಅಮೆರಿಕದ ಕುಟುಂಬದ ಕಾರೂ ಮೊದಲು ಹಿಡಿದದ್ದು ಇದೇ ದಾರಿ. ಜನರಲ್ ಮೋಟರ್ಸ್‌ನ ‘ಓಲ್ಡ್ಸ್‌ಮೊಬೈಲ್ ಸಿಲೂಯೆಟ್ ಪ್ರೀಮಿಯರ್’ 1999ರ ಮಾದರಿಯಾಗಿ ಬಂದಾಗ ಅದರಲ್ಲಿ ಕಾರ್ಖಾನೆಯಲ್ಲೇ ಕೂರಿಸಿದ ವಿಡಿಯೋ ಕ್ಯಾಸೆಟ್ ಪ್ಲೇಯರ್ ಇತ್ತು, ಮಾಡಿನಿಂದ ಕೆಳಗೆ ಮಡಚಿಕೊಳ್ಳುವ ಎಲ್‌ಸಿಡಿ ಪರದೆಯಿತ್ತು. ಪಿಕ್ಚರ್ ಟ್ಯೂಬಿನ ಭಾರ ಹೊರಲಾರದ ಮಾಡಿಗೆ ತೆಳುವಾದ ಎಲ್‌ಸಿಡಿ ಹೇಳಿ ಮಾಡಿಸಿದಂತಿತ್ತು. ದೂರದ ಪಯಣದಲ್ಲಿ ಹಿಂದೆ ಕೂತು ರಚ್ಚೆ ಹಿಡಿಯುವ ಮಕ್ಕಳನ್ನು ಸುಮ್ಮನಿರಿಸುವ ಸಾಧನವೆಂದೇ ತಂದೆತಾಯಂದಿರು ಅದನ್ನು ಸ್ವಾಗತಿಸಿದರು.

ಹಿಂದಿದ್ದ ಚಿತ್ರ ಮುಂದಕ್ಕೆ ಬಂದದ್ದು ಡಿವಿಡಿ ಅಗ್ಗವಾದ ಮೇಲೆ. ಸ್ಟೀರಿಯೋ ಕೂರಿಸುವ 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರದ ಜಾಗ ಆ ಹೊತ್ತಿಗೆ ಬಹುತೇಕ ಎಲ್ಲ ಕಾರುಗಳಲ್ಲೂ ಒಂದೇ ಅಳತೆಯದಾಗಿತ್ತು. ಅದರ ದುಪ್ಪಟ್ಟು ಎತ್ತರದ ‘ಡಬಲ್ ಡಿನ್’ ಪೆಟ್ಟಿಗೆಯ ಮುಖವಿಡೀ ಪರದೆ. ಚಿತ್ರ ಈಗ ಚಾಲಕನ ಮೊಣಕೈ ಪಕ್ಕದಲ್ಲೇ. ಅದಕ್ಕೂ ಅವನ ಕಣ್ಣಿಗೂ ನಡುವೆ ಉಳಿದದ್ದು ಆ ವೈರೊಂದೇ.

ಚಾಲಕನ ಕಣ್ಣು ಪರದೆಯತ್ತ ಹೊರಳಿದರೆ ತೆರಬೇಕಾದ ಬೆಲೆ ಎಷ್ಟಿರಬಹುದೆಂಬ ಪ್ರಶ್ನೆ ಅಮೆರಿಕದ ಅಲಾಸ್ಕಾದ ನ್ಯಾಯಾಲಯಕ್ಕೆ ಬಂತು. 2002ರ ಅಕ್ಟೋಬರಿನಲ್ಲಿ ಅಲ್ಲಿನ ಸೆವರ್ಡ್ ಹೆದ್ದಾರಿಯಲ್ಲಿ ಪಿಕಪ್ ಗಾಡಿಯೊಂದು ಎದುರು ಬಂದ ವಾಹನಕ್ಕೆ ಗುದ್ದಿ ದಂಪತಿ ಸತ್ತರು. ಪಿಕಪ್ಪಿನ ಡ್ಯಾಶ್‌ಬೋರ್ಡಿನ ಬಳಿ ಡಿವಿಡಿ ಪರದೆಯಿತ್ತು. ಚಾಲಕ ಸಿನಿಮಾ ನೋಡುತ್ತಿದ್ದನೆಂದು ಸರ್ಕಾರಿ ವಕೀಲರು ಕೊಲೆಯ ಆರೋಪವನ್ನೇ ಹೊರಿಸಿದರು. ತಾನು ನೋಡುತ್ತಿರಲಿಲ್ಲವೆಂದು ಅವನು ವಾದಿಸಿದ. 2004ರಲ್ಲಿ ಜ್ಯೂರಿ ಅವನನ್ನು ಖುಲಾಸೆ ಮಾಡಿತು. ಪರದೆಯಿತ್ತೆಂದು ತೋರಿಸುವುದು ಸುಲಭ. ಆ ಕ್ಷಣದಲ್ಲಿ ಕಣ್ಣು ಅದರ ಮೇಲಿತ್ತೆಂದು ಸಾಬೀತು ಮಾಡುವುದು ಹೇಗೆ? ಮುಂದೆ ಅಲಾಸ್ಕಾ, ಓಡಿಸುವಾಗ ಚಾಲಕನಿಗೆ ಕಾಣುವಂತೆ ಪರದೆಯಲ್ಲಿ ವಿಡಿಯೋ ಹಾಕುವುದನ್ನೇ ಅಪರಾಧವೆಂದು ಸಾರುವ ಕಾನೂನು ಮಾಡಿತು. ಭಾರತದಲ್ಲಿಯೂ 2017ರ ಮೋಟಾರು ವಾಹನ ಚಾಲನಾ ನಿಯಮಗಳ ಪ್ರಕಾರ ಚಾಲಕ ವಿಡಿಯೋ ನೋಡುವಂತಿಲ್ಲ. ದಾರಿ ತೋರಿಸುವ ನಕ್ಷೆಗಷ್ಟೇ ವಿನಾಯಿತಿ.

ಎಂಜಿನಿಯರುಗಳು ಬೇರೊಂದು ಉಪಾಯ ಹುಡುಕಿದರು. 2005ರಲ್ಲಿ ಶಾರ್ಪ್ ಕಂಪನಿ, ನೋಡುವ ಕೋನಕ್ಕೆ ತಕ್ಕಂತೆ ಎರಡು ಬೇರೆ ಚಿತ್ರ ತೋರಿಸುವ ಒಂದೇ ಪರದೆಯನ್ನು ಪ್ರಕಟಿಸಿತು. ಚಾಲಕನಿಗೆ ನಕ್ಷೆ, ಪಕ್ಕದವರಿಗೆ ಸಿನಿಮಾ. ಕೆಲವೇ ವರ್ಷಗಳಲ್ಲಿ ರೇಂಜ್ ರೋವರ್ ಮತ್ತು ಮರ್ಸಿಡಿಸ್ ಎಸ್-ಕ್ಲಾಸ್ ಕಾರುಗಳಲ್ಲಿ ಇಂಥ ಪರದೆ ಬಂತು. ಈ ಇಡೀ ಕಥೆಯಲ್ಲಿ ಇಷ್ಟು ಸೊಗಸಾದ ಪರಿಹಾರ ಇನ್ನೊಂದಿಲ್ಲ, ಆದರೆ ಅದು ದುಬಾರಿ ಕಾರುಗಳಾಚೆ ಇಳಿಯಲಿಲ್ಲ.

ಟೆಸ್ಲಾ 2019ರಲ್ಲಿ ನೆಟ್‌ಫ್ಲಿಕ್ಸ್, ಯೂಟ್ಯೂಬ್‌ಗಳನ್ನು ಕಾರಿನ ದೊಡ್ಡ ಪರದೆಗೆ ತಂದಾಗ ಬೀಗ ವೈರಿನಿಂದ ಸಾಫ್ಟ್‌ವೇರಿಗೆ ಸಾಗಿತ್ತು: ಗೇರು ‘ಪಾರ್ಕ್’ನಲ್ಲಿದ್ದರೆ ಮಾತ್ರ ವಿಡಿಯೋ. ವೈರಾದರೆ ಒಂದೊಂದೇ ಕಾರಿನಲ್ಲಿ ಕೈಯಾರೆ ಜೋಡಿಸಬೇಕು. ಸಾಫ್ಟ್‌ವೇರಿನ ಒಂದು ತೀರ್ಮಾನ ಲಕ್ಷಾಂತರ ಕಾರುಗಳಿಗೆ ಒಟ್ಟಿಗೇ ತಟ್ಟುತ್ತದೆ. ಚಲಿಸುವಾಗಲೂ ಪರದೆಯಲ್ಲಿ ಗೇಮ್ ಆಡಲು ಟೆಸ್ಲಾ ಅವಕಾಶ ಕೊಟ್ಟಿತ್ತು. 2021ರ ಡಿಸೆಂಬರಿನಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಸುಮಾರು 5,80,000 ಕಾರುಗಳ ತನಿಖೆಗೆ ಇಳಿಯಿತು, ಕಂಪನಿ ಬೇಗನೆ ಆ ಸೌಲಭ್ಯಕ್ಕೆ ಬೀಗ ಹಾಕಲು ಒಪ್ಪಿತು.

ಈಗ ಪಕ್ಕದ ಸೀಟಿಗೇ ಪ್ರತ್ಯೇಕ ಪರದೆ ಬರುತ್ತಿದೆ. 2021ರಲ್ಲಿ ಪರಿಚಯವಾದ ಮರ್ಸಿಡಿಸ್ ಇಕ್ಯೂಎಸ್ ಕಾರಿನ 141 ಸೆಂಟಿಮೀಟರ್ ಅಗಲದ ಗಾಜಿನಡಿ ಅಂಥದೊಂದಿದೆ. ಚಾಲಕನ ನೋಟ ಎತ್ತ ಹೊರಳಿತೆಂದು ಕ್ಯಾಮೆರಾ ಗಮನಿಸುತ್ತದೆ, ಪಕ್ಕದವರ ಸಿನಿಮಾದತ್ತ ಅವನು ಇಣುಕಿದರೆ ಚಿತ್ರ ಮಬ್ಬಾಗುತ್ತದೆ. ಅಲಾಸ್ಕಾದ ಜ್ಯೂರಿಗೆ ಸಿಗದ ಉತ್ತರವನ್ನು ಈ ಕಾರು ಕ್ಷಣಕ್ಷಣಕ್ಕೂ ತಾನೇ ಹುಡುಕಿಕೊಳ್ಳುತ್ತದೆ. 2024ರ ಕೊನೆಯಲ್ಲಿ ಭಾರತದಲ್ಲೇ ಮಹೀಂದ್ರಾ ಬಿಡುಗಡೆ ಮಾಡಿದ ಎಕ್ಸ್‌ಇವಿ 9ಇ ಕಾರಿನ ಡ್ಯಾಶ್‌ಬೋರ್ಡಿನಲ್ಲೂ 12.3 ಇಂಚಿನ ಮೂರು ಪರದೆಗಳು ಸಾಲಾಗಿವೆ, ಅದರಲ್ಲೊಂದು ಪಕ್ಕದ ಸೀಟಿನವರದು. ವಿಡಿಯೋ ಕೋಚಿನ ಹಿಂಗೋಡೆಯಂಥದ್ದು ಇಲ್ಲಿಲ್ಲ, ಆದ್ದರಿಂದ ಕಣ್ಣು ಕಾಯುವ ಕ್ಯಾಮೆರಾವನ್ನು ದುಬಾರಿ ಮಾದರಿಗಳ ಸೌಕರ್ಯವಾಗಿ ಉಳಿಸದೆ, ಪಕ್ಕದ ಪರದೆಯಿರುವ ಪ್ರತಿ ಕಾರಿಗೂ ಸೀಟ್‌ಬೆಲ್ಟಿನಂತೆ ಕಡ್ಡಾಯ ಮಾಡಬೇಕಾದ ಕಾಲ ಬಂದಿದೆ.