ನೆಕ್ರಾಜೆಯ ಬಾನುಲಿ

ಕಾಸರಗೋಡು ಸೀಮೆಯ ಚೆರ್ಕಳದಿಂದ ಬದಿಯಡ್ಕದ ಕಡೆಗೆ ಸಾಗುವ ಮಾರ್ಗದ ಆಸುಪಾಸಿನಲ್ಲಿ, ಎಡನೀರು ಮಠಕ್ಕೆ ಅನತಿದೂರದಲ್ಲಿ, ಮುರಕಲ್ಲಿನ ಗುಡ್ಡಗಳಿಗೂ ತಗ್ಗಿನ ಅಡಕೆ ತೋಟಗಳಿಗೂ ನಡುವೆ ಹರಡಿಕೊಂಡಿರುವ ನೆಕ್ರಾಜೆಗೆ ತನ್ನದೆಂಬ ಪ್ರಸಾರ ನಿಲಯವಿಲ್ಲ. ಪಾಶ್ಚಾತ್ಯ ದೇಶಗಳ ಸಣ್ಣ ಪಟ್ಟಣಗಳಲ್ಲಿ ನಾಲ್ಕಾರು ತರುಣರು ಸೇರಿ ಒಂದು ಕೇಂದ್ರವನ್ನು ತೆರೆದು ನಡೆಸಿದ್ದುಂಟು. ನಮ್ಮಲ್ಲಾದರೋ, 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಸ್ವಗೃಹದಲ್ಲಿಯೇ ಸಣ್ಣದೊಂದು ಯಂತ್ರವನ್ನಿರಿಸಿ ನಡೆಸಿದ ಸಾಹಸದಂತಹವನ್ನು ಬಿಟ್ಟರೆ, ಗಗನದ ಅಲೆಗಳು ಬಹುಕಾಲ ಸರಕಾರದ ಸೊತ್ತಾಗಿಯೇ ಉಳಿದವು. ಆದುದರಿಂದ ಇಂತಹ ಊರಿನ ಬಾನುಲಿಯ ಚರಿತ್ರೆಯೆಂದರೆ ಕೇಳುಗರ ಚರಿತ್ರೆ. ಯಾವ ದಿಕ್ಕಿನಿಂದ ಯಾವ ಭಾಷೆಯ ದನಿ ಬಂದು ಮುಟ್ಟಿತೆಂಬುದರ ಚರಿತ್ರೆ.

ಕಾಸರಗೋಡು ಇನ್ನೂ ಮದರಾಸಿನ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಲದಲ್ಲಿಯೇ, 1950ರ ಜನವರಿಯಲ್ಲಿ ಧಾರವಾಡದ ನಿಲಯವೂ ಅದೇ ವರ್ಷದ ಮೇ ತಿಂಗಳಲ್ಲಿ ಕೋಳಿಕ್ಕೋಡಿನ ನಿಲಯವೂ, 1955ರಲ್ಲಿ ಬೆಂಗಳೂರಿನದೂ ಪ್ರಾರಂಭವಾದವು. ಮಧ್ಯಮ ತರಂಗಗಳನ್ನು ಹಗಲಿನಲ್ಲಿ ವಾಯುಮಂಡಲದ ಮೇಲಣ ಸ್ತರವೊಂದು ಹೀರಿಬಿಡುವುದರಿಂದಲೂ, ಸೂರ್ಯಾಸ್ತದ ತರುವಾಯ ಆ ಸ್ತರವು ಕರಗಿ ಅಲೆಗಳು ಎತ್ತರದಿಂದ ಪ್ರತಿಫಲಿಸುವುದರಿಂದಲೂ, ದೂರದ ಕನ್ನಡವು ಈ ಸೀಮೆಗೆ ಕೇಳಬೇಕಾದರೆ ಕತ್ತಲಾಗಬೇಕಿತ್ತು; ಮಳೆಗಾಲದ ಗುಡುಗು ಮಿಂಚು ಅದಕ್ಕೂ ಅಡ್ಡಿ. 1952ರಲ್ಲಿ ಕೇಸ್ಕರರು ಕೇಂದ್ರದ ವಾರ್ತಾ ಪ್ರಸಾರ ಮಂತ್ರಿಗಳಾಗಿ ಚಲಚ್ಚಿತ್ರಗೀತೆಗಳನ್ನು ಆಕಾಶವಾಣಿಯಿಂದ ದೂರವಿರಿಸಿದಾಗ, ದೇಶದ ರಸಿಕರೆಲ್ಲ ರೇಡಿಯೊ ಸಿಲೋನಿನ ಕಡೆಗೆ ಮುಳ್ಳು ತಿರುಗಿಸಿದರಷ್ಟೆ. ಜನರ ಕಿವಿಗೆ ಶಿಸ್ತು ಕಲಿಸಹೊರಟ ಆ ನೀತಿ ಬಹುದಿನ ಬಾಳಲಿಲ್ಲ. 1957ರಲ್ಲಿ, ಚಿತ್ರಗೀತೆಗಳಿಗೆ ಎಡೆಗೊಟ್ಟ ಆಕಾಶವಾಣಿಯ ವಿವಿಧಭಾರತಿಯು ಹುಟ್ಟಿತು.

ಅಷ್ಟರೊಳಗೆ, 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತ್ತು. ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ ಕೊಡಬೇಕೆಂದು 1967ರಲ್ಲಿ ಗಡಿವಿವಾದದ ಮಹಾಜನ ಆಯೋಗವು ಹೇಳಿದ್ದು ಕಾಗದದಲ್ಲಿಯೇ ಉಳಿಯಿತು. ಕಚೇರಿಯ ಭಾಷೆ, ಶಾಲೆಯ ಪಠ್ಯ, ಬಸ್ಸಿನ ಫಲಕ ಇವೆಲ್ಲ ಗಡಿಗೆ ತಕ್ಕಂತೆ ಬದಲಾಗುತ್ತ ಹೋದರೂ ರೇಡಿಯೊ ಮಾತ್ರ ಆ ಗೆರೆಯನ್ನು ಮಾನ್ಯಮಾಡಲಿಲ್ಲ.

ಈ ಸೀಮೆಯವರು ತಮ್ಮದೆಂದು ಕರೆದುಕೊಂಡ ನಿಲಯವು ಬಂದುದು 1976ರ ಡಿಸೆಂಬರ್ 11ರಂದು, ಮಂಗಳೂರಿನಲ್ಲಿ. ಕಲಾಮಂದಿರವು ಕದ್ರಿ ಗುಡ್ಡದ ಮೇಲೆ. ಪ್ರಸಾರದ ಕಂಬವು ಉಡುಪಿಯಿಂದಾಚೆ ಬ್ರಹ್ಮಾವರದಲ್ಲಿ, ಅಂದರೆ ನೆಕ್ರಾಜೆಗೆ ಸುಮಾರು ನೂರು ಕಿಲೊಮೀಟರು ದೂರದಲ್ಲಿ. ಕನ್ನಡದೊಡನೆ ತುಳುವೂ ಕೊಂಕಣಿಯೂ ಅಲ್ಲಿಂದ ಹೊರಟವು. ಆದರೆ ಇವೆಲ್ಲಕ್ಕಿಂತ ಹೆಚ್ಚಿನ ಲಾಭವಾದುದು ಯಕ್ಷಗಾನಕ್ಕೆ, ಅದರಲ್ಲಿಯೂ ತಾಳಮದ್ದಳೆಗೆ. ವೇಷವಿಲ್ಲದೆ, ಕುಣಿತವಿಲ್ಲದೆ, ಭಾಗವತರ ಪದ, ಚೆಂಡೆ ಮದ್ದಳೆಯ ನಾದ, ಕುಳಿತ ಅರ್ಥಧಾರಿಗಳ ವಾದಪ್ರತಿವಾದ ಇಷ್ಟರಿಂದಲೇ ವಾಲಿಯನ್ನೂ ಕರ್ಣನನ್ನೂ ಎದುರಿಗೆ ನಿಲ್ಲಿಸುವ ಆ ಕಲೆಯು, ಬಾನುಲಿಯು ಹುಟ್ಟುವ ಎಷ್ಟೋ ಮೊದಲೇ ಬಾನುಲಿಗಾಗಿ ಸಿದ್ಧವಾಗಿದ್ದಂತೆ ತೋರುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರಂತಹ ಅರ್ಥಧಾರಿಗಳನ್ನು ಹೆತ್ತ ಈ ನಾಡಿನಲ್ಲಿ, ಸ್ವತಃ ಹಾಡಬಲ್ಲವರೂ ಯಕ್ಷಗಾನದ ಪೋಷಕರೂ ಆಗಿದ್ದ ಕೇಶವಾನಂದ ಭಾರತೀ ಸ್ವಾಮಿಗಳು ಎಡನೀರಿನ ಪೀಠದಲ್ಲಿದ್ದ ಕಾಲದಲ್ಲಿ, ಕೇಳುಗರಿಗೆ ಅಭಿರುಚಿಯ ಕೊರತೆಯಿರಲಿಲ್ಲ. ರಾತ್ರಿಯಿಡೀ ಬೆಳೆಯಬೇಕಾದ ಪ್ರಸಂಗವನ್ನು ಗಡಿಯಾರದ ಅಳತೆಗೆ ಕತ್ತರಿಸಿದರೆಂದು ಹಿರಿಯರು ಆಕ್ಷೇಪಿಸಿಯಾರು. ಆದರೆ ಹೇಳಬೇಕಾದುದನ್ನು ಬೇಗನೆ ಹೇಳಿ ಮುಗಿಸುವ ಸಂಯಮವು ಕೆಲವು ಅರ್ಥಧಾರಿಗಳಿಗೆ ಬಂದುದಾದರೆ ಅದು ಬಾನುಲಿಯಿಂದಲೇ ಎಂದು ನನ್ನ ಎಣಿಕೆ.

1991ರಲ್ಲಿ ಕಣ್ಣೂರಿನ ಎಫ್‌ಎಂ ನಿಲಯವು ದಕ್ಷಿಣದಿಂದ ಮಲೆಯಾಳವನ್ನು ತಂದಿತು. ಮುಂದೆ ಮಂಗಳೂರೂ ಎಫ್‌ಎಂಗೆ ಏರಿತು. ಈ ಅಲೆಗಳು ನೇರವಾಗಿ ಹೋಗುವವು, ಗುಡ್ಡ ಬಗ್ಗಿ ಇಳಿಯುವವಲ್ಲ. ಮೇಲೆ ಗುಡ್ಡದ ನೆತ್ತಿಯ ಪದವಿನಲ್ಲಿ ಸ್ಫುಟವಾಗಿ ಕೇಳುವ ಹಾಡು ಕೆಳಗೆ ತೋಟದಲ್ಲಿ ಗೊರಗೊರ ಸದ್ದಾಗುವುದು ಅದರಿಂದಲೇ. 2006ರ ನೀತಿಯಿಂದೀಚೆಗೆ ಸಂಘಸಂಸ್ಥೆಗಳೂ ಸಮುದಾಯ ಬಾನುಲಿಯನ್ನು ನಡೆಸಬಹುದು. ಎತ್ತರದ ಒಂದು ಪದವಿನಲ್ಲಿ ಅಂತಹ ಚಿಕ್ಕ ಯಂತ್ರವನ್ನಿರಿಸಿದರೆ ಸುತ್ತಣ ನಾಲ್ಕಾರು ಊರುಗಳಿಗಾದರೂ ಸಾಕಾದೀತು. ಕನ್ನಡ, ತುಳು, ಮಲೆಯಾಳ, ಹವ್ಯಕ, ಮರಾಠಿಗಳೆಲ್ಲ ಮನೆಮಾತಾಗಿರುವ ಈ ಸೀಮೆಯಲ್ಲಿ ಬೆಳಗಿನ ಮೊದಲ ನಮಸ್ಕಾರವನ್ನು ಯಾವ ಭಾಷೆಯಲ್ಲಿ ಹೇಳಬೇಕೆಂಬುದು ತೀರ್ಮಾನವಾಗುವುದಕ್ಕೆ ಮಾತ್ರ ತಾಳಮದ್ದಳೆಯಷ್ಟೇ ದೀರ್ಘವಾದ ಒಂದು ರಾತ್ರಿ ಬೇಕಾದೀತು.